ರಾಬರ್ಟ್ ಜಾನ್ಸನ್ ರೆಕಾರ್ಡಿನ ವೇಗ ಹೆಚ್ಚಿಸಿದ್ದರೇ? ನನ್ನ ಗಿಟಾರ್ ತಂತಿ ಯಾಕೆ ಕಿತ್ತುಹೋಗುತ್ತಿದೆ?

ಓದುಗರ ಪ್ರಶ್ನೆ: ನಾನು ಹಾಸನದವನು, ವಯಸ್ಸು 34. ಮೂರು ವರ್ಷದಿಂದ ಅಕೌಸ್ಟಿಕ್ ಗಿಟಾರ್ ನುಡಿಸುತ್ತಿದ್ದೇನೆ. ಈಚೆಗೆ 1930ರ ದಶಕದ ಅಮೆರಿಕದ ಗಾಯಕ, ಗಿಟಾರ್ ವಾದಕ ರಾಬರ್ಟ್ ಜಾನ್ಸನ್‌ನ ಹಳೆಯ ಬ್ಲೂಸ್ ಹಿಡಿಸಿದೆ. ‘ಕ್ರಾಸ್ ರೋಡ್ ಬ್ಲೂಸ್’ ಓಪನ್ ಜಿ ಶ್ರುತಿಯಲ್ಲಿದೆ ಎಂದು ಓದಿ ಹಾಗೇ ಕೂಡಿಸಿದೆ. ರೆಕಾರ್ಡಿನ ಜೊತೆ ಹೊಂದಲಿಲ್ಲ, ಅದು ಬಹಳ ಮೇಲಿದೆ. ಹೊಂದುವವರೆಗೂ ಎಲ್ಲ ತಂತಿಗಳನ್ನು ಏರಿಸುತ್ತ ಹೋದೆ. ಮೂರನೇ ತಂತಿ ಎರಡು ಸಲ ಕಿತ್ತುಹೋಯಿತು. ಈಗ ಬ್ರಿಡ್ಜ್ (ಒಡಲಿನ ಮೇಲೆ ತಂತಿಗಳು ಸಿಕ್ಕಿರುವ ಮರದ ತುಂಡು) ಹಿಂದಿನ ಮರ ಸ್ವಲ್ಪ ಉಬ್ಬಿದಂತೆ ಕಾಣುತ್ತಿದೆ. ಆ ರೆಕಾರ್ಡನ್ನೇ ವೇಗ ಹೆಚ್ಚಿಸಿ ಬಿಟ್ಟಿದ್ದಾರೆ, ಶೇ 20 ನಿಧಾನ ಮಾಡಿ ಕೇಳು ಎಂದು ಗೆಳೆಯನೊಬ್ಬ ಹೇಳಿದ. ಮಾಡಿ ನೋಡಿದರೆ ನಿಜಕ್ಕೂ ನನ್ನ ಗಿಟಾರಿಗೆ ಹೊಂದಿತು! ಹಾಗಾದರೆ ನಾವು ಕೇಳುತ್ತಿರುವುದು ಸುಳ್ಳು ರೆಕಾರ್ಡೇ? ಒಬ್ಬನೇ ನುಡಿಸಿದ್ದೆಂದರೆ ನಂಬಿಕೆಯೂ ಬರುವುದಿಲ್ಲ, ಇಬ್ಬರು ಕೂತು ನುಡಿಸಿದಂತಿದೆ. ಸೈತಾನನಿಗೆ ಆತ್ಮ ಮಾರಿ ಕಲಿತ ಎಂಬ ಕಥೆ ಹುಟ್ಟಿದ್ದು ಅದಕ್ಕೇ ಇರಬೇಕು. ನನ್ನಂಥವನು ಇದನ್ನು ಕಲಿಯಲು ಸಾಧ್ಯವೇ?

ಉತ್ತರ: ಮುಂದೆ ಓದುವ ಮೊದಲು ಗಿಟಾರ್ ತೆಗೆದುಕೊಂಡು ತಂತಿಗಳನ್ನೆಲ್ಲ ಎರಡು ಸುತ್ತು ಸಡಿಲಿಸಿ. ರೆಕಾರ್ಡಿನ ವಿಚಾರ ನಿಧಾನವಾಗಿ ನೋಡಬಹುದು, ಬ್ರಿಡ್ಜ್ ಕಿತ್ತು ಬಂದರೆ ದುಡ್ಡಿನ ಮಾತು.

ಆಗಿದ್ದಿಷ್ಟು. ಓಪನ್ ಜಿ ಎಂದರೆ ದಪ್ಪ ತಂತಿಯಿಂದ ಸಣ್ಣದರವರೆಗೆ ಡಿ-ಜಿ-ಡಿ-ಜಿ-ಬಿ-ಡಿ. ಸಾಮಾನ್ಯ ಶ್ರುತಿಯಿಂದ ಇಲ್ಲಿಗೆ ಬರಲು ಆರನೇ, ಐದನೇ ಮತ್ತು ಒಂದನೇ ತಂತಿಗಳನ್ನು ಎರಡೆರಡು ಅರೆಸ್ವರ (ಒಂದು ಅರೆಸ್ವರವೆಂದರೆ ಒಂದು ಫ್ರೆಟ್ಟಿನಷ್ಟು, ಫ್ರೆಟ್ ಎಂದರೆ ಕತ್ತಿನ ಮೇಲಿನ ಅಡ್ಡ ಕಂಬಿ) ಇಳಿಸಿದರೆ ಸಾಕು, ಏರಿಸುವುದು ಯಾವುದೂ ಇಲ್ಲ. ಇಷ್ಟರಲ್ಲಿ ಯಾವ ಗಿಟಾರಿಗೂ ಅಪಾಯವಿಲ್ಲ. ನೀವು ಅಲ್ಲಿಂದ ಮೇಲೆ ಹೊರಟಿರಿ. ಆ ಹಾಡು ರೆಕಾರ್ಡಿನಲ್ಲಿ ಕೇಳುವುದು ಬಿ ಸ್ವರದ ಆಸುಪಾಸಿನಲ್ಲಿ, ಅಂದರೆ ಜಿಯಿಂದ ನಾಲ್ಕು ಅರೆಸ್ವರ ಮೇಲೆ. ತಂತಿಯ ಬಿಗಿತ ಸ್ವರದ ಏರಿಕೆಗಿಂತ ಬೇಗ ಏರುತ್ತದೆ, ಕಂಪನಸಂಖ್ಯೆಯ ವರ್ಗದ ಲೆಕ್ಕದಲ್ಲಿ. ಎರಡು ಅರೆಸ್ವರ ಏರಿಸಿದರೆ ಬಿಗಿತ ಶೇ 26 ಹೆಚ್ಚುತ್ತದೆ, ನಾಲ್ಕು ಏರಿಸಿದರೆ ಶೇ 59. ನಿಮ್ಮ ನಾಲ್ಕು, ಮೂರು ಮತ್ತು ಎರಡನೇ ತಂತಿಗಳು ಸಾಮಾನ್ಯ ಶ್ರುತಿಗಿಂತ ಪೂರ್ತಿ ನಾಲ್ಕು ಅರೆಸ್ವರ ಮೇಲೆ ಹೋಗಿದ್ದವು, ಉಳಿದವು ಎರಡು. 12-53 ಗೇಜಿನ (ಅತಿ ಸಣ್ಣ ತಂತಿ 0.012, ಅತಿ ದಪ್ಪದ್ದು 0.053 ಇಂಚು) ಸೆಟ್ಟು ಸಾಮಾನ್ಯ ಶ್ರುತಿಯಲ್ಲಿ ಒಟ್ಟು 74 ಕೆ.ಜಿ. ಆಸುಪಾಸು ಎಳೆಯುತ್ತದೆ. ನಿಮ್ಮ ಬ್ರಿಡ್ಜ್ ಮೇಲೆ 100 ಕೆ.ಜಿ. ದಾಟಿದ ಎಳೆತ ಬಿದ್ದಿದೆ. ಮೂರನೆಯದೇ ಕಿತ್ತಿದ್ದೇಕೆ ಎಂದರೆ, ಅದು ಸುತ್ತು ಹಾಕಿದ ತಂತಿಗಳಲ್ಲೆಲ್ಲ ಸಣ್ಣದು. ಹೊರಗಿನ ಕಂಚಿನ ಸುತ್ತು ತೂಕಕ್ಕೆ ಮಾತ್ರ, ಎಳೆತವನ್ನೆಲ್ಲ ತಡೆಯುವುದು ಒಳಗಿನ ತೆಳು ಉಕ್ಕಿನ ಎಳೆ. ಬಿಗಿಯಾದಾಗ ಮೊದಲು ಸೋಲುವುದು ಅದೇ.

ಬ್ರಿಡ್ಜ್ ಹಿಂದೆ ಅಲ್ಪಸ್ವಲ್ಪ ಉಬ್ಬು ಎಲ್ಲ ಗಿಟಾರಿನಲ್ಲೂ ಇರುತ್ತದೆ, ಅದಕ್ಕೆ ಗಾಬರಿ ಬೇಡ. ನೋಡಬೇಕಾದದ್ದು ಬ್ರಿಡ್ಜ್ ಎದ್ದಿದೆಯೇ ಎಂಬುದನ್ನು. ತೆಳುವಾದ ಕಾಗದದ ಚೀಟಿಯೊಂದನ್ನು ಬ್ರಿಡ್ಜಿನ ಹಿಂಬದಿ ಅಂಚಿಗೆ ತೂರಿಸಿ ನೋಡಿ. ಒಳಗೆ ಹೋಗದಿದ್ದರೆ ಬಚಾವು, ಎರಡು ದಿನ ಸಡಿಲ ಬಿಟ್ಟು ಮತ್ತೆ ಸಾಮಾನ್ಯ ಶ್ರುತಿಗೆ ತನ್ನಿ. ಒಂದೆರಡು ಮಿ.ಮೀ. ಒಳಹೋದರೆ ಅಂಟು ಬಿಡುತ್ತಿದೆ ಎಂದರ್ಥ. ರಿಪೇರಿ ಮಾಡುವವರು ಬ್ರಿಡ್ಜನ್ನು ಪೂರ್ತಿ ಬಿಡಿಸಿ, ಹಳೆಯ ಅಂಟು ಕೆರೆದು, ಮರದ ಅಂಟು ಹಾಕಿ ಕ್ಲ್ಯಾಂಪಿನಲ್ಲಿ ಕೂರಿಸಬೇಕು. ಮನೆಯಲ್ಲೇ ಸೂಪರ್ ಗ್ಲೂ ಬಿಡುವ ಕೆಲಸ ಮಾತ್ರ ಬೇಡ. ಅದು ಸಂದಿನ ಬಾಯಲ್ಲೇ ಗಟ್ಟಿಯಾಗುತ್ತದೆ, ಒಳಗೆ ಹಿಡಿಯುವುದಿಲ್ಲ, ಮುಂದೆ ಬಿಡಿಸುವವನು ಮರವನ್ನೂ ಕಿತ್ತುಕೊಂಡು ಬರುತ್ತಾನೆ.

ಈಗ ರೆಕಾರ್ಡಿನ ಮಾತು. ನಿಮ್ಮ ಗೆಳೆಯ ಹೇಳಿದ್ದು ಅವರ ಸ್ವಂತ ಕಲ್ಪನೆಯಲ್ಲ, ವರ್ಷಗಳಿಂದ ಓಡಾಡುತ್ತಿರುವ ವಾದ. ನಿಧಾನ ಮಾಡಿದರೆ ಜಾನ್ಸನ್‌ನ ಎಳಸು, ಮೂಗಿನ ದನಿ ದಪ್ಪವಾಗಿ, ಅವನಿಗಿಂತ ಹಿರಿಯ ಬ್ಲೂಸ್ ಗಾಯಕ ಸನ್ ಹೌಸ್‌ನ ದನಿಯ ಹತ್ತಿರ ಬರುತ್ತದೆ. ಕೇಳಿದವರಿಗೆ ‘ಇದೇ ಅಸಲಿ’ ಅನ್ನಿಸಿಬಿಡುತ್ತದೆ. ನಿಮ್ಮ ಗಿಟಾರಿಗೆ ಹೊಂದಿದ್ದಕ್ಕೆ ಕಾರಣ ಬೇರೆ. ವೇಗವನ್ನು ಶೇ 80ಕ್ಕೆ ಇಳಿಸಿದರೆ ಸ್ವರ ಸುಮಾರು ನಾಲ್ಕು ಅರೆಸ್ವರ ಕುಸಿಯುತ್ತದೆ. ಬಿಯಿಂದ ನಾಲ್ಕು ಇಳಿದರೆ ಜಿ. ಓಪನ್ ಜಿಗೆ ಕೂಡಿಸಿಕೊಂಡು ಕೂತವನಿಗೆ ಅದು ಹೊಂದಲೇಬೇಕು. ಇದು ಬರೀ ಲೆಕ್ಕದ ಕಾಕತಾಳೀಯ, ಪುರಾವೆಯಲ್ಲ. ಅದೇ ನಾಲ್ಕು ಅರೆಸ್ವರಕ್ಕೆ ಇನ್ನೂ ಸರಳ ವಿವರಣೆ ಇದೆ, ಕ್ಯಾಪೋ, ಅಂದರೆ ಕತ್ತಿಗೆ ಹಾಕಿ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು. ಬಾಯಲ್ಲಿ ಸಿಗರೇಟು ಕಚ್ಚಿಕೊಂಡು ಜಾನ್ಸನ್ ಫೋಟೋ ಬೂತಿನಲ್ಲಿ ತೆಗೆಸಿಕೊಂಡ ಚಿತ್ರ ನೋಡಿ, ಗಿಟಾರಿನ ಕತ್ತಿನ ಮೇಲೆ ಕ್ಯಾಪೋ ಕೂತಿದೆ.

ವೇಗ ಹೆಚ್ಚಿಸಿದರು ಎಂಬ ವಾದವನ್ನು ಒಪ್ಪಲಾಗದ್ದಕ್ಕೆ ಬೇರೆ ಕಾರಣಗಳೂ ಇವೆ. ಜಾನ್ಸನ್ ಹಾಡಿದ್ದು ಎರಡು ಊರುಗಳಲ್ಲಿ. ಮೊದಲು 1936ರ ನವೆಂಬರ್ 23, 26 ಮತ್ತು 27ರಂದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಗಂಟರ್ ಹೋಟೆಲಿನಲ್ಲಿ. ಆಮೇಲೆ 1937ರ ಜೂನ್ 19 ಮತ್ತು 20ರಂದು ಡಲ್ಲಾಸ್‌ನ 508 ಪಾರ್ಕ್ ಅವೆನ್ಯೂ ಕಟ್ಟಡದಲ್ಲಿ. ನಡುವೆ ಏಳು ತಿಂಗಳ ಅಂತರ. ಯಂತ್ರ ಕೆಟ್ಟಿತ್ತು ಎನ್ನುವುದಾದರೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕೆಟ್ಟಿರಬೇಕು. ಗಂಟರ್ ಹೋಟೆಲಿನಲ್ಲಿ ಅದೇ ವಾರ ಚಕ್ ವ್ಯಾಗನ್ ಗ್ಯಾಂಗ್ ಎಂಬ ಭಕ್ತಿಗೀತೆಯ ತಂಡವೂ ರೆಕಾರ್ಡ್ ಮಾಡಿತು, ಅವರ ದನಿ ಯಾರಿಗೂ ವೇಗವಾಗಿ ಕೇಳಿಲ್ಲ. ಬೇಕೆಂದೇ ವೇಗ ಹೆಚ್ಚಿಸಿದರು ಎನ್ನುವುದಾದರೆ, ಜಾನ್ಸನ್ ಜೊತೆ ಊರೂರು ಸುತ್ತಿದ ಜಾನಿ ಶೈನ್ಸ್, ಅವನ ಕೈಯಲ್ಲೇ ಕಲಿತ ರಾಬರ್ಟ್ ಲಾಕ್‌ವುಡ್ ಜೂನಿಯರ್ ದಶಕಗಟ್ಟಲೆ ಬದುಕಿದ್ದರು. ಈ ರೆಕಾರ್ಡುಗಳಲ್ಲಿರುವುದು ಅವನ ದನಿಯೇ ಅಲ್ಲ ಎಂದು ಅವರು ದೂರಿದವರಲ್ಲ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಗಟ್ಟಿ ಸಾಕ್ಷಿ ‘ಕಮ್ ಆನ್ ಇನ್ ಮೈ ಕಿಚನ್’ ಹಾಡಿನದು. ಅದರ ಎರಡು ಟೇಕುಗಳು, ಅಂದರೆ ಒಂದೇ ಹಾಡನ್ನು ಎರಡು ಸಲ ಹಾಡಿದ ರೆಕಾರ್ಡಿಂಗುಗಳು, ಉಳಿದಿವೆ. ಮೊದಲನೆಯದು ತೀರಾ ನಿಧಾನ, ಎರಡನೆಯದು ಚುರುಕು. ಮೊದಲನೆಯದನ್ನು ಇನ್ನೂ ಶೇ 20 ನಿಧಾನ ಮಾಡಿ ಕೇಳಿ. ಹಾಡು ತೆವಳತೊಡಗುತ್ತದೆ, ದನಿಯ ನಡುಕ ತೂಗಾಟವಾಗುತ್ತದೆ.

ಸಣ್ಣ ವ್ಯತ್ಯಾಸ ಇರಲಾರದು ಎನ್ನುತ್ತಿಲ್ಲ. ಆ ಕಾಲದ ಯಂತ್ರಗಳಲ್ಲಿ ಶೇ ಒಂದೆರಡು ಹೆಚ್ಚುಕಡಿಮೆ ಆಗುವುದು ಮಾಮೂಲು. ಶೇ 6ರ ಬದಲಾವಣೆಗೆ ಒಂದು ಅರೆಸ್ವರ ಎಂದರೆ, ಶೇ 2ಕ್ಕೆ ಅರೆಸ್ವರದ ಮೂರನೇ ಒಂದು ಪಾಲು. ನಿಮ್ಮ ಟ್ಯೂನರ್ ಆ್ಯಪಿನ ಮುಳ್ಳು ಎರಡು ಸ್ವರಗಳ ಸಂದಿಯಲ್ಲಿ ನಿಲ್ಲುವುದು ಇದರಿಂದಲೂ ಇರಬಹುದು. ಇನ್ನೂ ಸಹಜ ಕಾರಣವೆಂದರೆ, ಒಬ್ಬನೇ ಕೂತು ಹಾಡುವವನಿಗೆ ಟ್ಯೂನರ್ ಯಾಕೆ ಬೇಕು? ಕಂಠಕ್ಕೆ ಹಿತವಾದ ಕಡೆ ಕೂಡಿಸಿಕೊಳ್ಳುತ್ತಿದ್ದರು.

ಸೈತಾನನ ಕಥೆಗೆ ಹೆಚ್ಚು ಜಾಗ ಕೊಡಬೇಕಿಲ್ಲ, ಆದರೆ ಅದರ ಹಿಂದಿರುವುದು ಕಲಿಯುವವರಿಗೆ ಉಪಯೋಗದ ವಿಷಯ. ನಾಲ್ಕು ದಾರಿ ಕೂಡುವಲ್ಲಿ ನಡುರಾತ್ರಿ ಗಿಟಾರ್ ಕೊಟ್ಟು ಶ್ರುತಿ ಮಾಡಿಸಿಕೊಂಡ ಕಥೆ ಮೊದಲು ದಾಖಲಾದದ್ದು ಟಾಮಿ ಜಾನ್ಸನ್ ಎಂಬ ಬೇರೊಬ್ಬ ಗಾಯಕನ ಬಗ್ಗೆ. ಅದನ್ನು ಸಂಶೋಧಕ ಡೇವಿಡ್ ಇವಾನ್ಸ್‌ಗೆ ಹೇಳಿದವನು ಟಾಮಿಯ ಅಣ್ಣ ಲೆಡೆಲ್. ಹೆಸರಿನ ಬಾಲ ಒಂದೇ ಇದ್ದುದರಿಂದ ಕಥೆ ರಾಬರ್ಟನ ತಲೆಗೆ ಬಂದಿರಬೇಕು. ‘ಕ್ರಾಸ್ ರೋಡ್ ಬ್ಲೂಸ್’ ಹಾಡಿನಲ್ಲೇ ಸೈತಾನನೂ ಇಲ್ಲ, ವ್ಯಾಪಾರವೂ ಇಲ್ಲ. ಅಲ್ಲಿರುವುದು ಮೊಣಕಾಲೂರಿ ದೇವರನ್ನು ಬೇಡುವವನು, ಕೈ ಮಾಡಿದರೂ ನಿಲ್ಲದ ಗಾಡಿಗಳು, ಇಳಿಯುತ್ತಿರುವ ಹೊತ್ತು. 1930ರ ದಶಕದ ಮಿಸಿಸಿಪಿಯಲ್ಲಿ ಗುರುತಿಲ್ಲದ ಊರಿನ ದಾರಿಯಲ್ಲಿ ಕತ್ತಲಾದರೆ ಕರಿಯ ಯುವಕನಿಗೆ ಭಯಪಡಲು ಸೈತಾನನೇ ಬೇಕಿರಲಿಲ್ಲ.

ರಾಬರ್ಟ್ ಹುಟ್ಟಿದ್ದು 1911ರ ಮೇ 8ರಂದು, ಮಿಸಿಸಿಪಿಯ ಹೇಝಲ್‌ಹರ್ಸ್ಟ್‌ನಲ್ಲಿ. 1930ರಲ್ಲಿ ಎಳೆಯ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಆ ಸುಮಾರಿಗೆ ರಾಬಿನ್‌ಸನ್‌ವಿಲ್‌ನಲ್ಲಿ ಸನ್ ಹೌಸ್ ಮತ್ತು ವಿಲ್ಲಿ ಬ್ರೌನ್ ನುಡಿಸುವಾಗ ಈ ಹುಡುಗ ಬಿಡುವಿನಲ್ಲಿ ಅವರ ಗಿಟಾರ್ ಎತ್ತಿಕೊಂಡು ಕೆರೆದು ಎಲ್ಲರಿಗೂ ರೇಜಿಗೆ ಹುಟ್ಟಿಸುತ್ತಿದ್ದನೆಂದು ಹೌಸ್ ಮುಂದೆ ಹೇಳಿದ್ದಾನೆ. ಹುಡುಗ ಊರು ಬಿಟ್ಟ. ತಿರುಗಿ ಬಂದಾಗ ಇವರಿಬ್ಬರೂ ಬಾಯಿ ಬಿಟ್ಟುಕೊಂಡು ಕೇಳುವಂತಾಗಿದ್ದ. ಹೌಸ್‌ನ ನೆನಪಿನಲ್ಲಿ ಅದು ಕೆಲವೇ ತಿಂಗಳು. ಬದುಕಿನ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ವರ್ಷಕ್ಕೂ ಮೀರಿದ ಅವಧಿ. ಆ ಅವಧಿಯಲ್ಲಿ ಅವನಿಗೊಬ್ಬ ಗುರು ಸಿಕ್ಕಿದ್ದ, ಹೇಝಲ್‌ಹರ್ಸ್ಟ್ ಬಳಿಯ ಐಕ್ ಜಿಮರ್‌ಮನ್. ರಾತ್ರಿ ಅಕ್ಕಪಕ್ಕದವರ ನಿದ್ದೆ ಕೆಡದಿರಲೆಂದು ಇಬ್ಬರೂ ಸ್ಮಶಾನಕ್ಕೆ ಹೋಗಿ ಅಭ್ಯಾಸ ಮಾಡುತ್ತಿದ್ದರು. ಕಥೆ ಬೆಳೆಯಲು ಇನ್ನೇನು ಬೇಕು!

ಎರಡನೇ ಗುರು ಗ್ರಾಮಫೋನು. ‘ಸ್ವೀಟ್ ಹೋಮ್ ಶಿಕಾಗೋ’ ಹಿಂದೆ ಕೊಕೋಮೋ ಅರ್ನಾಲ್ಡ್‌ನ 1934ರ ರೆಕಾರ್ಡಿದೆ. ‘ಲವ್ ಇನ್ ವೇನ್’ ಹಿಂದೆ ಲೆರಾಯ್ ಕಾರ್‌ನ 1935ರ ಹಾಡು. ‘ಹೆಲ್‌ಹೌಂಡ್ ಆನ್ ಮೈ ಟ್ರೇಲ್’ ಮತ್ತು ‘32-20 ಬ್ಲೂಸ್’ ಎರಡೂ ಸ್ಕಿಪ್ ಜೇಮ್ಸ್‌ನ 1931ರ ಹಾಡುಗಳ ಸಂತಾನ. ‘ಕಮ್ ಆನ್ ಇನ್ ಮೈ ಕಿಚನ್’ ಧಾಟಿ ಮಿಸಿಸಿಪಿ ಶೀಕ್ಸ್ ತಂಡದ್ದು. ಇದನ್ನು ಕದ್ದ ಮಾಲೆಂದು ನೋಡಬೇಡಿ, ಆ ಪರಂಪರೆಯಲ್ಲಿ ಕಲಿಯುವ ದಾರಿಯೇ ಅದು. ನೀವು ಒಂದು ಹಾಡು ಕಲಿಯುವ ಮೊದಲು ಅದರ ಹಿಂದಿನ ರೆಕಾರ್ಡನ್ನು ಹತ್ತು ಸಲ ಕೇಳಿ. ಜಾನ್ಸನ್ ಏನು ಉಳಿಸಿಕೊಂಡ, ಏನು ಬಿಟ್ಟ, ಪಿಯಾನೋದ ಎಡಗೈಯನ್ನು ಗಿಟಾರಿನ ಹೆಬ್ಬೆರಳಿಗೆ ಹೇಗೆ ತಂದ ಎನ್ನುವುದು ಕಿವಿಗೆ ಬೀಳುತ್ತದೆ.

ಇಬ್ಬರು ನುಡಿಸಿದಂತೆ ಕೇಳುವ ಗುಟ್ಟು ಇಲ್ಲೇ ಇದೆ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್‌ಗೂ ಮೊದಲ ಸಲ ಕೇಳಿದಾಗ ನಿಮ್ಮಂತೆಯೇ ಅನ್ನಿಸಿತ್ತು. ಲೆರಾಯ್ ಕಾರ್ ಪಿಯಾನೋ ನುಡಿಸಿದರೆ ಸ್ಕ್ರ್ಯಾಪರ್ ಬ್ಲ್ಯಾಕ್‌ವೆಲ್ ಗಿಟಾರ್ ನುಡಿಸುತ್ತಿದ್ದ. ಜಾನ್ಸನ್ ಕಲಿತದ್ದು ಇಂಥ ಜೋಡಿ ರೆಕಾರ್ಡುಗಳಿಂದ, ಆ ಇಬ್ಬರನ್ನೂ ಒಂದೇ ಕೈಗೆ ತಂದ. ಆದರೆ ಗಮನವಿಟ್ಟು ಕೇಳಿ, ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಉದ್ದಕ್ಕೂ ಒಟ್ಟಿಗೆ ಓಡುವುದಿಲ್ಲ. ಸಣ್ಣ ತಂತಿಯಲ್ಲಿ ಉತ್ತರ ಬರುವಾಗ ದಪ್ಪ ತಂತಿಯ ನಡೆ ಒಂದೆರಡು ಪೆಟ್ಟು ನಿಂತಿರುತ್ತದೆ. ಅಷ್ಟು ಹೊತ್ತಿಗೆ ಲಯ ನಮ್ಮ ಕಿವಿಯಲ್ಲಿ ಕೂತಿರುವುದರಿಂದ ನಿಂತದ್ದು ಗೊತ್ತಾಗುವುದಿಲ್ಲ. ಎರಡನ್ನೂ ಬಿಡದೆ ನುಡಿಸಬೇಕೆಂದು ಹೊರಟವರು ಬೆರಳು ಗಂಟುಹಾಕಿಕೊಂಡು ಬಿಟ್ಟುಬಿಡುತ್ತಾರೆ.

ಅಭ್ಯಾಸ ಹೀಗೆ ಶುರು ಮಾಡಿ. ಶ್ರುತಿ ಸಾಮಾನ್ಯದ್ದೇ ಇರಲಿ. ಬಲ ಅಂಗೈಯ ಅಂಚನ್ನು ಬ್ರಿಡ್ಜ್ ಸೇಡಲ್ (ಬ್ರಿಡ್ಜಿನಲ್ಲಿ ತಂತಿಗಳು ಹಾಯುವ ಪಟ್ಟಿ) ಮೇಲೆ, ದಪ್ಪ ಮೂರು ತಂತಿಗಳು ‘ದುಮ್’ ಅನ್ನುವಷ್ಟೇ ಒತ್ತಿ ಇಡಿ. ಪೂರ್ತಿ ಸತ್ತರೆ ಅಂಗೈ ಮುಂದಕ್ಕೆ ಹೋಗಿದೆ, ಗುಂಯ್‌ಗುಟ್ಟಿದರೆ ಹಿಂದೆ ಉಳಿದಿದೆ. ಐದನೇ ತಂತಿ ಬರಿದು, ನಾಲ್ಕನೆಯದರಲ್ಲಿ ಎರಡನೇ ಫ್ರೆಟ್, ಎರಡನ್ನೂ ಹೆಬ್ಬೆರಳಲ್ಲಿ ಒಟ್ಟಿಗೆ ಎರಡು ಸಲ. ಆಮೇಲೆ ನಾಲ್ಕನೇ ತಂತಿಯಲ್ಲಿ ನಾಲ್ಕನೇ ಫ್ರೆಟ್, ಮತ್ತೆ ಎರಡು ಸಲ. ಒಂದೊಂದು ಪೆಟ್ಟನ್ನೂ ‘ತಕಿಟ’ ಎಂದು ಮೂರು ಮಾಡಿ, ‘ತ’ ಮತ್ತು ‘ಟ’ ಮಾತ್ರ ನುಡಿಸಿ, ‘ಕಿ’ ಮೌನವಾಗಿರಲಿ. ಮೆಟ್ರೋನೋಮ್ 60ರಲ್ಲಿಟ್ಟು, ಬೇರೆಯವರ ಜೊತೆ ಮಾತಾಡುತ್ತಲೂ ನುಡಿಸಲು ಬರುವವರೆಗೆ ಹೆಬ್ಬೆರಳೊಂದನ್ನೇ ತಿದ್ದಿ. ಹೆಚ್ಚಿನವರು ಸೋಲುವುದು ಇಲ್ಲಿ, ಮೂರು ದಿನಕ್ಕೇ ಬೇಸರಿಸಿ ಸಣ್ಣ ತಂತಿಗೆ ಹಾರುತ್ತಾರೆ. ಅದಾದ ಮೇಲೆ ಜಾನ್ಸನ್‌ನ ಪ್ರಸಿದ್ಧ ಇಳಿಕೆ ಕಲಿಯಿರಿ. ಒಂದನೇ ತಂತಿಯ ಐದನೇ ಫ್ರೆಟ್ಟನ್ನು ಕಿರುಬೆರಳಿನಲ್ಲಿ ಬಿಡದೆ ಹಿಡಿದು, ನಾಲ್ಕನೇ ತಂತಿಯಲ್ಲಿ 5, 4, 3, 2 ಎಂದು ಇಳಿಯುವುದು. ‘ಕೈಂಡ್ ಹಾರ್ಟೆಡ್ ವುಮನ್ ಬ್ಲೂಸ್’ ತುಂಬ ಇದರ ರೂಪಗಳೇ.

ರೆಕಾರ್ಡಿನ ಜೊತೆ ನುಡಿಸಲು ನಿಮಗಿರುವ ದಾರಿಗಳನ್ನು ಈಗ ನೋಡೋಣ.

ಎಲ್ಲಕ್ಕಿಂತ ಸುಲಭದ್ದು, ಗಿಟಾರನ್ನು ಮುಟ್ಟದೆ ರೆಕಾರ್ಡನ್ನು ಇಳಿಸುವುದು. ವೇಗ ಬದಲಿಸದೆ ಸ್ವರ ಮಾತ್ರ ಇಳಿಸುವ ಆ್ಯಪುಗಳಿವೆ. ನಾಲ್ಕು ಅರೆಸ್ವರ ಇಳಿಸಿದರೆ ಬರಿಗೈ ಓಪನ್ ಜಿಗೆ ಹೊಂದುತ್ತದೆ. ಕಲಿಯುವಾಗ ಸ್ವರ ಹಾಗೇ ಇಟ್ಟು ವೇಗವನ್ನು ಶೇ 70ಕ್ಕೆ ಇಳಿಸಿಯೂ ಕೇಳಬಹುದು. ಒಂದೇ ಅಪಾಯವೆಂದರೆ, ನಿಧಾನದಲ್ಲೇ ತಿಂಗಳುಗಟ್ಟಲೆ ಇದ್ದರೆ ‘ತಕಿಟ’ದ ಓಟ ಎಳೆದುಹೋಗಿ ಜೋಲುತ್ತದೆ. ವಾರಕ್ಕೊಮ್ಮೆಯಾದರೂ ಪೂರ್ತಿ ವೇಗದಲ್ಲಿ ನುಡಿಸಿ ನೋಡಿ, ತಪ್ಪಿದರೂ ಪರವಾಗಿಲ್ಲ.

ಎರಡನೆಯದು ಓಪನ್ ಜಿ ಮತ್ತು ನಾಲ್ಕನೇ ಫ್ರೆಟ್ಟಿನಲ್ಲಿ ಕ್ಯಾಪೋ. ತಂತಿಗೆ ಅಪಾಯವಿಲ್ಲ. ತೊಂದರೆ ಸ್ಲೈಡಿನದು, ಅಂದರೆ ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸುವ ಕೊಳವೆಯದು. 12ನೇ ಫ್ರೆಟ್ಟಿನ ಜಾಗ ಈಗ 16ಕ್ಕೆ ಹೋಗುತ್ತದೆ, 14ನೇ ಫ್ರೆಟ್ಟಿಗೇ ಒಡಲು ಶುರುವಾಗುವ ಗಿಟಾರಿನಲ್ಲಿ ಕೈ ಅಲ್ಲಿಗೆ ಆಡುವುದಿಲ್ಲ. ಕ್ಯಾಪೋ ಗಟ್ಟಿ ಒತ್ತಿದರೆ ಸ್ವರ ಮೇಲೆ ಹೋಗುವುದೂ ಇದೆ. ಫ್ರೆಟ್ಟಿಗೆ ಅಂಟಿದಂತೆ ಹಿಂದೆಯೇ ಹಾಕಿ, ಹಾಕಿದ ಮೇಲೆ ಮತ್ತೆ ಶ್ರುತಿ ನೋಡಿ.

ಮೂರನೆಯದು ಓಪನ್ ಎ, ಅಂದರೆ ನಾಲ್ಕು, ಮೂರು, ಎರಡನೇ ತಂತಿಗಳನ್ನು ಎರಡೆರಡು ಅರೆಸ್ವರ ಏರಿಸಿ ಎರಡನೇ ಫ್ರೆಟ್ಟಿಗೆ ಕ್ಯಾಪೋ. ಗಟ್ಟಿ ಗಿಟಾರಿನಲ್ಲಿ, ಹೊಸ ತಂತಿಯಲ್ಲಿ ನಡೆಯುತ್ತದೆ. ಆಗಲೇ ಉಬ್ಬು ತೋರಿಸಿರುವ ನಿಮ್ಮ ಗಿಟಾರಿಗೆ ಬೇಡವೇ ಬೇಡ.

ಓಪನ್ ಜಿಯಲ್ಲೇ ನೆಲೆಸುವುದಾದರೆ 13 ಗೇಜಿನ ಸೆಟ್ಟು ಹಾಕಿ. ಇಳಿಸಿದ ತಂತಿಯ ಬಿಗಿತ ಶೇ 21 ಕಡಿಮೆಯಾಗುವುದರಿಂದ 12ರ ತಂತಿ ಸ್ಲೈಡ್ ಅಡಿ ಜೋಲಿ ಫ್ರೆಟ್ಟಿಗೆ ತಾಗುತ್ತದೆ. 13ರ ಮೊದಲ ತಂತಿಯನ್ನು ಡಿಗೆ ಇಳಿಸಿದರೆ 12ರ ತಂತಿ ಇಯಲ್ಲಿದ್ದಾಗಿನ ಬಿಗಿತಕ್ಕೆ ಹತ್ತಿರ ಬರುತ್ತದೆ. ಆದರೆ ಆ ಸೆಟ್ಟನ್ನು ಹಾಗೇ ಸಾಮಾನ್ಯ ಶ್ರುತಿಗೆ ಏರಿಸಿದರೆ ಬ್ರಿಡ್ಜಿಗೆ ಮತ್ತೆ ಹೊರೆ, ಇದು ನೆನಪಿರಲಿ. 12ನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ 2.5ರಿಂದ 3 ಮಿ.ಮೀ. ಇದ್ದರೆ ಸ್ಲೈಡಿಗೂ ಬೆರಳಿಗೂ ಆಗುತ್ತದೆ. ಸ್ಲೈಡನ್ನು ಕಿರುಬೆರಳಿಗೆ ಹಾಕಿ, ಉಳಿದ ಮೂರು ಸ್ವರ ಒತ್ತಲು ಬೇಕು. ಗೋಟುವಾದ್ಯ ಹತ್ತಿರದಿಂದ ನೋಡಿದ್ದರೆ ಮುಂದಿನದು ಹೊಸದಲ್ಲ. ಒತ್ತಬಾರದು, ತಾಗಿಸಬೇಕು. ಸ್ವರ ಇರುವುದು ಫ್ರೆಟ್ಟಿನ ಕಂಬಿಯ ನೇರ ಮೇಲೆ, ಅದರ ಹಿಂದಲ್ಲ. ಸ್ಲೈಡಿನ ಹಿಂದಿರುವ ಬೆರಳು ತಂತಿಯನ್ನು ಹಗುರಾಗಿ ಮುಟ್ಟಿರಲಿ, ಇಲ್ಲದಿದ್ದರೆ ಆ ಬದಿಯ ತಂತಿಯೂ ಕೂಗುತ್ತದೆ.

ಅಂತರ್ಜಾಲದಲ್ಲಿ ‘ಕ್ರಾಸ್‌ರೋಡ್ಸ್’ ಎಂದು ಸಿಗುವ ಟ್ಯಾಬುಗಳಲ್ಲಿ (ಯಾವ ತಂತಿ, ಯಾವ ಫ್ರೆಟ್ ಎಂದು ತೋರಿಸುವ ಸ್ವರಲಿಪಿ) ಬಹುಪಾಲು 1968ರ ಕ್ರೀಮ್ ತಂಡದ ರೂಪದ್ದು. ಅದು ಸಾಮಾನ್ಯ ಶ್ರುತಿ, ಎ ಸ್ವರ, ಅಚ್ಚುಕಟ್ಟಾದ 12 ಬಾರ್, ಅಂದರೆ ನಾಲ್ಕು ಪೆಟ್ಟಿನ ಹನ್ನೆರಡು ಆವರ್ತ. ಜಾನ್ಸನ್ ಹಾಗೆ ಎಣಿಸುವುದಿಲ್ಲ. ಸಾಲು ಮುಗಿದರೆ ಎರಡು ಪೆಟ್ಟು ಮೊದಲೇ ಮುಂದಕ್ಕೆ ಹೋಗುತ್ತಾನೆ, ಸ್ಲೈಡ್ ಇನ್ನೂ ಹಾಡುತ್ತಿದ್ದರೆ ಎರಡು ಪೆಟ್ಟು ಹೆಚ್ಚಿಗೆ ಉಳಿಯುತ್ತಾನೆ. ಆವರ್ತ ಲೆಕ್ಕ ಹಾಕಿ ಕೂತವರಿಗೆ ತಾವೇ ತಪ್ಪಿದೆವೇನೋ ಅನ್ನಿಸುತ್ತದೆ. ಅಲ್ಲಿ ಮೆಟ್ರೋನೋಮ್ ಆಫ್ ಮಾಡಿ, ಹಾಡಿನ ಸಾಲನ್ನು ಬಾಯಲ್ಲಿ ಹೇಳಿಕೊಂಡೇ ನುಡಿಸಿ.

ಉಳಿದಿರುವುದು 29 ಹಾಡು, 42 ಟೇಕು. 1938ರ ಆಗಸ್ಟ್ 16ರಂದು ಗ್ರೀನ್‌ವುಡ್ ಬಳಿ 27ರ ಹರೆಯದಲ್ಲೇ ತೀರಿಕೊಂಡದ್ದರಿಂದ ಇಷ್ಟೇ. ಇವುಗಳಲ್ಲಿ ನಿಮಗೆ ಮೊದಲು ‘ಕೈಂಡ್ ಹಾರ್ಟೆಡ್ ವುಮನ್’, ಆಮೇಲೆ ‘ಮಿ ಆ್ಯಂಡ್ ದ ಡೆವಿಲ್ ಬ್ಲೂಸ್’. ಎರಡೂ ಸಾಮಾನ್ಯ ಶ್ರುತಿಯ ಎ ಸ್ವರದವು, ಸ್ಲೈಡ್ ಬೇಕಿಲ್ಲ, ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಆಗುತ್ತದೆ. ಓಪನ್ ಜಿಗೆ ಬಂದ ಮೇಲೆ ‘ಕಮ್ ಆನ್ ಇನ್ ಮೈ ಕಿಚನ್’ ಮೊದಲ ಟೇಕು, ಅಷ್ಟು ನಿಧಾನವಿರುವುದರಿಂದ ಸ್ಲೈಡಿನ ಪ್ರತಿ ಸ್ವರವನ್ನೂ ತಿದ್ದಿಕೊಳ್ಳಬಹುದು. ‘ಕ್ರಾಸ್ ರೋಡ್’ ಅದರ ನಂತರ. ‘ಹೆಲ್‌ಹೌಂಡ್’ ಸದ್ಯಕ್ಕೆ ಬೇಡ, ಅದರ ಮೈನರ್ ಶ್ರುತಿಯಲ್ಲಿ ನಿಮ್ಮ ಕೈಗೆ ಗೊತ್ತಿರುವ ಒಂದು ಹಿಡಿತವೂ ಕೆಲಸಕ್ಕೆ ಬರುವುದಿಲ್ಲ.